ಚೌಕದ ಭಾವನ ಬಲಗೈ

ನಮ್ಮೂರಿನಲ್ಲಿ ಒಬ್ಬರಿಗೆ ಇಡೀ ಊರೇ ಭಾವಮೈದುನ. ಅದಕ್ಕೆ ಕಾರಣ ನನ್ನ ಗಂಟಲು.

ನಾಲ್ಕು ರಸ್ತೆ ಕೂಡುವ ಚೌಕದ ಮೂಲೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಮುಂಭಾಗವೆಲ್ಲ ಗಾಜು. ಆ ಗಾಜಿಗೆ ಎದುರಾಗಿ, ಚೌಕದ ನಟ್ಟನಡುವೆ, ಕಪ್ಪು ಬಿಳಿ ಪಟ್ಟೆ ಬಳಿದ ದುಂಡನೆಯ ಕಟ್ಟೆ. ಅದರ ಮೇಲೆ ನಿಲ್ಲುತ್ತಿದ್ದವರು ನನ್ನ ಅಕ್ಕನ ಗಂಡ, ಟ್ರಾಫಿಕ್ ಪೊಲೀಸ್. ಚೌಕದಲ್ಲಿ ದೀಪದ ಕಂಬಗಳೂ ಇದ್ದವು. ನೆಟ್ಟ ವರ್ಷ ಚೆನ್ನಾಗಿ ಉರಿದವು, ಮರುವರ್ಷ ಕೆಂಪು ಹಸಿರು ಎರಡೂ ಒಟ್ಟಿಗೆ ಉರಿಯತೊಡಗಿದವು, ಆಮೇಲೆ ಪಾರಿವಾಳಗಳು ಕೂರುವ ಜಾಗವಾದವು. ಹೀಗಾಗಿ ಚೌಕ ನಡೆಯುತ್ತಿದ್ದದ್ದು ಭಾವನ ಬಲಗೈಯಿಂದ.

ಅಕ್ಕ ಬೆಳಿಗ್ಗೆಯೇ ಅವರ ಊಟದ ಡಬ್ಬಿಯನ್ನು ನನ್ನ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದಳು. ಮಧ್ಯಾಹ್ನ ನಾನು ಬಾಗಿಲಿಗೆ ಬಂದು, "ಭಾವಾ, ಊಟ" ಎಂದು ಕೂಗುವುದು ವಾಡಿಕೆ. ನಾಲ್ಕು ರಸ್ತೆಯ ಹಾರನ್ನುಗಳನ್ನು ದಾಟಿ ಹೋಗಬೇಕಾದ ಕೂಗು, ಮೆಲ್ಲಗೆ ಕರೆದರೆ ಆದೀತೆ? ಮೊದಲು ಬಸ್ಸಿನ ಡ್ರೈವರುಗಳು ನಾದಿನಿಯಾದ ನನ್ನನ್ನು ಅಣಕಿಸಲು ಹಾಗೆ ಕರೆದರು. ಆಮೇಲೆ ಟ್ಯಾಕ್ಸಿಯವರು, ಅವರ ಹಿಂದೆ ಶಾಲೆಯ ಮಕ್ಕಳು. ಕಡೆಗೆ ಬ್ಯಾಂಕಿನ ಮ್ಯಾನೇಜರು ಕೂಡ ಕಾರಿನ ಗಾಜು ಇಳಿಸಿ ಭಾವನ ಕ್ಷೇಮ ವಿಚಾರಿಸುವ ಹಾಗಾಯಿತು. ಅಕ್ಕನಿಗೆ ಇದರಿಂದ ಸಂತೋಷವೇನೂ ಆಗಲಿಲ್ಲ. ಎಲ್ಲರೂ ಅವರನ್ನು ಭಾವ ಎನ್ನುತ್ತಾರೆ, ತನ್ನನ್ನು ಮಾತ್ರ ಒಬ್ಬರೂ ಅಕ್ಕ ಅನ್ನುವುದಿಲ್ಲ ಎಂದು ಅವಳ ತಕರಾರು.

ಭಾವ ಕೆಲಸ ಮಾಡುತ್ತಿದ್ದ ರೀತಿಯನ್ನು ಯಾವ ಪುಸ್ತಕದಲ್ಲಿ ಹುಡುಕಿದರೂ ಸಿಗುವುದಿಲ್ಲ. ಇಲಾಖೆ ಕಲಿಸಿದ ಸನ್ನೆಗಳಲ್ಲಿ ಅವರು ಉಳಿಸಿಕೊಂಡದ್ದು ಒಂದನ್ನೇ. ಬಲಗೈ ನೆಟ್ಟಗೆ ಮೇಲಕ್ಕೆ, ಅಂಗೈ ಮುಂದಕ್ಕೆ: ಎಲ್ಲರೂ ನಿಲ್ಲಿ. ಅದು ಎದ್ದರೆ ಒಂದು ಹುಲ್ಲುಕಡ್ಡಿಯೂ ಅಲುಗಾಡುತ್ತಿರಲಿಲ್ಲ. ಉಳಿದದ್ದೆಲ್ಲ ಅವರ ಸ್ವಂತ ಕಾರುಬಾರು. ಎಡಗೈ ಸೊಂಟದ ಬೆಲ್ಟಿನ ಮೇಲೆ ಬಂದರೆ ಬಸ್ಸುಗಳು ಹೊರಡಬಹುದು. ಟೋಪಿ ಮುಟ್ಟಿಕೊಂಡರೆ ಶಾಲೆಯ ಮಕ್ಕಳು ದಾಟುತ್ತಾರೆ. ಎಡಗೈ ಮೇಲೆತ್ತಿದರೆ ಯಾರೋ ವಯಸ್ಸಾದವರು ರಸ್ತೆಗಿಳಿದಿದ್ದಾರೆ, ಹತ್ತಿರದವರು ನಿಧಾನಿಸಿ, ಮಿಕ್ಕವರು ನಿಮ್ಮ ಪಾಡಿಗೆ ಹೋಗುತ್ತಿರಿ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಬ್ಬನನ್ನೇ ದಿಟ್ಟಿಸಿದರೆ ಅವನು ಏನೋ ಎಡವಟ್ಟು ಮಾಡಿದ್ದಾನೆ, ತಾನಾಗಿಯೇ ಪಕ್ಕಕ್ಕೆ ಬಂದು ನಿಂತು ಬೈಸಿಕೊಳ್ಳಬೇಕು. ಬಂದು ನಿಲ್ಲುತ್ತಲೂ ಇದ್ದರು. ನಮ್ಮೂರಿನಲ್ಲಿ ಗಾಡಿ ಓಡಿಸಲು ಕಲಿಯುವವರು ಮೊದಲು ಕ್ಲಚ್ಚು, ಆಮೇಲೆ ಬ್ರೇಕು, ಆಮೇಲೆ ಭಾವನನ್ನು ಕಲಿಯುತ್ತಿದ್ದರು.

ಇಷ್ಟಾದ ಮೇಲೆ ಮನುಷ್ಯನಿಗೆ ಕೊಂಚ ಜಂಬ ಬರದೆ ಇದ್ದೀತೆ? ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗುವುದು ಎಂದುಕೊಂಡ ಮುದುಕಿಯ ಹಾಗೆ, ತಾನಿಲ್ಲದಿದ್ದರೆ ಚೌಕ ಕಗ್ಗಂಟಾಗಿ ನಿಂತುಬಿಡುತ್ತದೆ ಎಂದು ಭಾವ ಖಂಡಿತವಾಗಿ ನಂಬಿದ್ದರು. ರಜೆ ಎಂದರೆ ಆಗದು. ಮಗಳ ಮದುವೆಯ ದಿನ ಕೂಡ ಬೆಳಿಗ್ಗೆ ಹೋಗಿ ನಿಂತರು. ಅವರನ್ನು ಕರೆತರಲು ಅಕ್ಕ ಟ್ಯಾಕ್ಸಿ ಕಳಿಸಿದರೆ, ಅದನ್ನೂ ಸರದಿ ಬರುವ ತನಕ ನಿಲ್ಲಿಸಿಕೊಂಡು ಆಮೇಲೆ ಹತ್ತಿದರು. ಆ ಸಿಟ್ಟು ಅಕ್ಕನಿಗೆ ಬಹಳ ಕಾಲ ಇಳಿಯಲಿಲ್ಲ.

ಅಂಥವರ ಬಲ ಭುಜದಲ್ಲಿ ಒಂದು ದಿನ ಉರಿ ಶುರುವಾಯಿತು. ಮಲಗಿದ ಭಂಗಿ ಸರಿಯಿಲ್ಲ ಎಂದುಕೊಂಡರು. ಎರಡು ಮೂರು ದಿನ ಕಳೆಯುವುದರೊಳಗೆ ಭುಜದಿಂದ ತೋಳಿನ ಹೊರಮೈಗೆ ಕೆಂಪನೆಯ ಪಟ್ಟಿ ಎದ್ದು, ಅದರ ತುಂಬ ನೀರುಗುಳ್ಳೆಗಳು ಗೊಂಚಲಾಗಿ ಮೂಡಿದವು. ಅಂಗಿ ತಾಗಿದರೆ ಪ್ರಾಣ ಹೋದಂತಾಗುತ್ತಿತ್ತಂತೆ. ಇದು ಸರ್ಪಸುತ್ತು ಎಂದು ಅವರಿಗೆ ಹೊಳೆಯಿತು. ಹೊಳೆದದ್ದೇ ಮುಚ್ಚಿಟ್ಟರು. ಇಲಾಖೆಗೆ ತಿಳಿದರೆ ಅಂಟುವ ರೋಗ ಎಂದು ಮನೆಗೆ ಕಳಿಸುತ್ತಾರೆ, ಚೌಕ ಏನಾಗಬೇಕು? ಉದ್ದ ತೋಳಿನ ಅಂಗಿ ಹಾಕಿಕೊಂಡು, ಹಲ್ಲು ಕಚ್ಚಿ, ಅದೇ ಕೈಯನ್ನು ಎತ್ತಿ ಇಳಿಸಿ ಒಂದು ವಾರ ದೂಡಿದರು. ಮನೆಯಲ್ಲಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಟ್ಟೆ ಬದಲಾಯಿಸುತ್ತಿದ್ದರು. ಈ ವಯಸ್ಸಿನಲ್ಲಿ ಇವರಿಗೆ ಇದೆಂಥ ಹೊಸ ನಾಚಿಕೆ ಎಂದು ಅಕ್ಕ ನನ್ನೊಡನೆ ಹೇಳಿ ನಕ್ಕಳು.

ಸಿಕ್ಕಿಬಿದ್ದದ್ದು ಒಂದು ಅಂಗಿಯಿಂದ. ಮದುವೆಯಾದಾಗಿನಿಂದ ಒಂದು ಚಮಚೆಯನ್ನೂ ತೊಳೆಯದ ಮನುಷ್ಯ ತನ್ನ ಅಂಗಿಯನ್ನು ತಾನೇ ಒಗೆದು ಹಗ್ಗಕ್ಕೆ ಹಾಕಿದ್ದನ್ನು ಅಕ್ಕ ನೋಡಿದಳು. ಏನೋ ಕಳ್ಳಾಟವಿರಬೇಕು ಎಂದು ತಕ್ಷಣ ಹೋಗಿ ಗಂಡನ ಅಂಗಿಯ ತೋಳು ಸರಿಸಿ ನೋಡಿದಳು. ಆಮೇಲೆ ಅವಳು ಕೂಗಿಕೊಂಡದ್ದು ನನ್ನ ಊಟದ ಕೂಗಿಗಿಂತ ಜೋರಾಗಿತ್ತು ಎಂದು ಪಕ್ಕದ ಮನೆಯವರ ಅಂಬೋಣ.

ಡಾಕ್ಟರಮ್ಮ ಭಾವನನ್ನು ಚೆನ್ನಾಗಿ ಬೈದರು. ಇದರಲ್ಲಿ ಹಾವೂ ಇಲ್ಲ, ಹೆಡೆಯೂ ಇಲ್ಲ, ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬಿನ ವೈರಾಣು ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ, ವಯಸ್ಸಾದಾಗಲೋ ಮೈ ದಣಿದಾಗಲೋ ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ ಎಂದು ವಿವರಿಸಿದರು. ಗುಳ್ಳೆ ಕಂಡ ಎರಡು ಮೂರು ದಿನದೊಳಗೆ ಬಂದಿದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿತ್ತಂತೆ. ಈಗ ಕೊಡುತ್ತೇನೆ, ಆದರೆ ತಡವಾಗಿದೆ ಎಂದರು. ಊರಿಗೆಲ್ಲ ಶಿಸ್ತು ಕಲಿಸುವ ಭಾವ ಬೆನ್ನ ಹಿಂದೆ ಕೈ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ನೋಡಿ ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ಸುಳ್ಳಲ್ಲ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಗುಳ್ಳೆಗಳು ಒಣಗಿ ಹಕ್ಕಳೆ ಉದುರಿದವು. ಭಾವ ನಾಳೆಯೇ ಕೆಲಸಕ್ಕೆ ಹೋಗುತ್ತೇನೆ ಎಂದು ಬೂಟು ಪಾಲಿಶ್ ಮಾಡಿಸಿದರು. ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಟೋಪಿ ಹಾಕಿಕೊಳ್ಳಲು ಹೋದರೆ ಬಲಗೈ ಮೇಲೇಳಲಿಲ್ಲ. ಟೋಪಿ ಎದೆಯ ಹತ್ತಿರ ಬಂದು ನಿಂತಿತು. ಬೆರಳುಗಳು ಆಡುತ್ತಿದ್ದವು, ಹಿಡಿತವೂ ಇತ್ತು, ಭುಜ ಮಾತ್ರ ಯಾರದೋ ಭುಜದ ಹಾಗೆ ಸುಮ್ಮನೆ ಇತ್ತು. ಮೊಣಕೈ ಮಡಿಸುವುದಕ್ಕೂ ತಿಣುಕಬೇಕಾಗಿತ್ತು.

ಅಕ್ಕ ನನಗೆ ಫೋನು ಮಾಡಿ ಲಕ್ವ ಹೊಡೆದಿದೆ ಎಂದಳು. ನಾನು ಓಡಿ ಹೋಗುವ ಹೊತ್ತಿಗೆ ಅವಳು ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಕೈಯಲ್ಲಿ ಕನ್ನಡಿ ಕೊಟ್ಟು, ನಗಿಸುತ್ತಿದ್ದಳು. ಲಕ್ವವಾದರೆ ಬಾಯಿ ಸೊಟ್ಟಗಾಗುತ್ತದೆ ಎಂದು ಎಲ್ಲೋ ಕೇಳಿದ್ದಳು. ಆದರೆ ಭಾವ ಚೌಕದಲ್ಲಿ ಮುಖ ಗಂಟಿಕ್ಕಿಯೇ ಅಭ್ಯಾಸವಾದವರು. ಅವರ ನಗು ಮೊದಲಿನಿಂದಲೂ ಸೊಟ್ಟಗಿತ್ತೋ ಈಗ ಆಗಿದೆಯೋ ಇಬ್ಬರಿಗೂ ಗೊತ್ತಾಗದೆ ವಾದ ಹತ್ತಿತ್ತು. ಭಯಪಟ್ಟು ಓಡಿ ಬಂದಿದ್ದ ನಾನು ಆ ದೃಶ್ಯ ನೋಡಿ ಬಾಗಿಲಲ್ಲೇ ಕೂತು ನಕ್ಕುಬಿಟ್ಟೆ. ನಗುತ್ತಲೇ ಅಳುವೂ ಬಂತು.

ಡಾಕ್ಟರಮ್ಮ ಕತ್ತಿನ ಸ್ಕ್ಯಾನ್ ಮಾಡಿಸಿದರು, ತೋಳಿಗೆ ಸಣ್ಣ ಸೂಜಿ ಚುಚ್ಚಿ ನರದ ಪರೀಕ್ಷೆಯನ್ನೂ ಮಾಡಿಸಿದರು. ಇದು ಲಕ್ವವಲ್ಲ, ಮಿದುಳಿಗೆ ಏನೂ ಆಗಿಲ್ಲ ಎಂದರು. ಸರ್ಪಸುತ್ತು ಸಾಮಾನ್ಯವಾಗಿ ಕಾಡುವುದು ನೋವನ್ನು ತಿಳಿಸುವ ನರವನ್ನು. ಕೆಲವೇ ಕೆಲವರಲ್ಲಿ ಅದು ಪಕ್ಕದಲ್ಲೇ ಇರುವ, ಸ್ನಾಯುವಿಗೆ ಅಪ್ಪಣೆ ಒಯ್ಯುವ ನರಕ್ಕೂ ತಗಲುತ್ತದಂತೆ. ಆಗ ಗುಳ್ಳೆ ಎದ್ದ ಜಾಗದ ಸ್ನಾಯುಗಳೇ ಬಲ ಕಳೆದುಕೊಳ್ಳುತ್ತವೆ. ಅದೂ ಗುಳ್ಳೆ ಬಂದು ಎರಡು ಮೂರು ವಾರವಾದ ಮೇಲೆ, ಎಲ್ಲ ಮುಗಿಯಿತು ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ.

"ವಾಪಸ್ ಬರುತ್ತಾ?" ಎಂದು ಅಕ್ಕ ಕೇಳಿದಳು.

"ಬಹಳ ಜನಕ್ಕೆ ಬರುತ್ತೆ. ತಿಂಗಳುಗಳು ಹಿಡಿಯುತ್ತೆ, ವರ್ಷವೂ ಹಿಡೀಬಹುದು. ಕೆಲವರಿಗೆ ಪೂರ್ತಿ ಬರಲ್ಲ. ವ್ಯಾಯಾಮ ಮಾತ್ರ ಬಿಡಬಾರದು, ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. ಡಾಕ್ಟರಮ್ಮನ ತಪ್ಪೇನೂ ಇಲ್ಲ, ನರಗಳ ವಿಷಯ ಹಾಗೇ ಇರಬೇಕು. ಭಾವನಿಗೆ ಧೈರ್ಯ ಬರಲಿ ಎಂದು, ಬೆರಳು ಚೆನ್ನಾಗಿ ಆಡುತ್ತಿದೆ, ಬರೆಯಬಹುದು, ಉಣ್ಣಬಹುದು ಎಂದು ಅವರು ಸೇರಿಸಿದರು.

"ಬರೆಯೋಕೆ ಉಣ್ಣೋಕೆ ಎಡಗೈ ಆಗಿದ್ರೂ ಸಾಕಿತ್ತು ಡಾಕ್ಟ್ರೇ" ಎಂದರು ಭಾವ. "ನನ್ನ ಕೆಲಸ ಇರೋದೆಲ್ಲ ಭುಜದ ಮೇಲೆ."

ಇಲಾಖೆ ಕಾಯಿಲೆ ರಜೆ ಕೊಟ್ಟಿತು. ಇನ್‌ಸ್ಪೆಕ್ಟರು ಕೆಟ್ಟವರಲ್ಲ, ಆದರೆ ಕಡ್ಡಿ ಮುರಿದ ಹಾಗೆ ಹೇಳಿದರು. ರಜೆ ಮುಗಿದ ಮೇಲೆ ಕೈ ತಲೆಯ ಮೇಲಕ್ಕೆ ಹೋದರೆ ಚೌಕ. ಹೋಗದಿದ್ದರೆ ಊರಾಚೆಯ ಶೆಡ್ಡು, ಅಂದರೆ ಜಪ್ತಿ ಮಾಡಿದ ಸ್ಕೂಟರುಗಳನ್ನು ಕಾಯುವ ಜಾಗ. ಭಾವ ಮನೆಗೆ ಬಂದು ಬೂಟು ಬಿಚ್ಚಿಟ್ಟರು. ಆಮೇಲೆ, ಇಷ್ಟು ವರ್ಷ ಓಡುವ ಗಾಡಿಗಳನ್ನು ನಿಲ್ಲಿಸಿದವನು ಇನ್ನು ನಿಂತ ಗಾಡಿಗಳನ್ನು ಕಾಯಬೇಕೇ ಎಂದು ಗೋಡೆಗೆ ಕೇಳಿದರು. ಅವರಿಗೆ ಆ ಕಟ್ಟೆ ಬಿಟ್ಟರೆ ಬೇರೆ ಜಗತ್ತಿಲ್ಲ ಎಂದು ನನಗೆ ಗೊತ್ತಿತ್ತು. 

ಮನೆಯಲ್ಲಿ ಕೂತರೆ ಅಕ್ಕನ ತಲೆ ತಿನ್ನುತ್ತಾರೆ ಎಂದು ಅವರನ್ನು ನನ್ನ ಅಂಗಡಿಗೆ ಸಾಗಹಾಕಲಾಯಿತು. ಬಲಗೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ನೇತುಹಾಕಿಕೊಂಡು, ತಲೆಗೆ ಟೋಪಿ ಮಾತ್ರ ಬಿಡದೆ ಹಾಕಿಕೊಂಡು, ಗಾಜಿನ ಹಿಂದೆ ಕುರ್ಚಿಯಲ್ಲಿ ಕೂತು ಚೌಕ ನೋಡುತ್ತಿದ್ದರು. ಕನ್ನಡಕ ಕೊಳ್ಳಲು ಬಂದವರು ಅವರನ್ನು ನೋಡಿ ಅಂಗಡಿಗೆ ಪೊಲೀಸ್ ಕಾವಲೇ ಎಂದು ಕೇಳುತ್ತಿದ್ದರು.

ಭಾವನ ಜಾಗಕ್ಕೆ ಬೇರೆ ಠಾಣೆಯಿಂದ ಒಬ್ಬಳು ಕಾನ್‌ಸ್ಟೇಬಲ್ ಬಂದಿದ್ದಳು. ಎತ್ತರದ ಆಳು, ಬಾಯಲ್ಲಿ ಸದಾ ಶಿಳ್ಳೆ. ಮೊದಲ ದಿನವೇ ಊರು ಅವಳಿಗೆ ಶಿಳ್ಳೆಯಮ್ಮ ಎಂದು ಹೆಸರಿಟ್ಟಿತು. ಅವಳು ಪುಸ್ತಕದಲ್ಲಿ ಇದ್ದಂತೆ ಚಾಚೂ ತಪ್ಪದೆ ಸನ್ನೆ ಮಾಡಿದಳು. ಆದರೆ ಆ ಪುಸ್ತಕವನ್ನು ನಮ್ಮೂರಿನಲ್ಲಿ ಓದಿದವರು ಯಾರಿದ್ದಾರೆ? ಬಸ್ಸಿನವರು ಅವಳ ಎಡಗೈ ಬೆಲ್ಟಿಗೆ ಬರಲಿ ಎಂದು ಕಾದರು, ಬರಲಿಲ್ಲ. ಅವಳು ಎಡಗೈ ಎತ್ತಿ ಒಂದು ಸಾಲನ್ನು ನಿಲ್ಲಿಸಿದರೆ, ಆ ಸಾಲಿನವರೆಲ್ಲ ಯಾರೋ ಅಜ್ಜಿ ದಾಟುತ್ತಿದ್ದಾರೆ ಎಂದುಕೊಂಡು ಮೆಲ್ಲಗೆ ಮುಂದಕ್ಕೆ ಬಂದರು. ಸೆಕೆಗೆ ಟೋಪಿ ಸರಿಮಾಡಿಕೊಂಡಳು, ಶಾಲೆಯ ಮಕ್ಕಳು ಬುಳುಬುಳು ರಸ್ತೆಗಿಳಿದರು. ಬೇಸತ್ತು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ ಸುಮ್ಮನೆ ನಿಂತಳು, ಅವಳ ಎದುರಿಗಿದ್ದ ಮೂರು ಕಾರಿನವರು ತಮ್ಮದೇನು ತಪ್ಪು ಎಂದು ತಿಳಿಯದೆ ಪಕ್ಕಕ್ಕೆ ಬಂದು ಇಳಿದು ನಿಂತರು. ಹಾರನ್ನುಗಳ ಗದ್ದಲಕ್ಕೆ ನನ್ನ ಕಪಾಟಿನ ಗಾಜುಗಳು ಗದಗುಟ್ಟಿದವು.

ಭಾವ ತಡೆಯುವಷ್ಟು ತಡೆದರು. ಆಮೇಲೆ ಅವರ ಎಡಗೈ ತನಗೆ ತಾನೇ ಬೆಲ್ಟಿಗೆ ಹೋಯಿತು. ಎದುರಿನ ಬಸ್ಸಿನ ಡ್ರೈವರು ಗಾಜಿನ ಹಿಂದೆ ಆ ಟೋಪಿಯನ್ನೂ ಬೆಲ್ಟಿನ ಮೇಲಿನ ಕೈಯನ್ನೂ ನೋಡಿದ. ಅವನ ಮುಖ ಅರಳಿತು, ಬಸ್ಸು ಹೊರಟಿತು. ಅವನ ಹಿಂದಿನ ಬಸ್ಸೂ ಹೊರಟಿತು. ಅಷ್ಟೇ, ಇಡೀ ಚೌಕ ಕಟ್ಟೆಗೆ ಬೆನ್ನು ಹಾಕಿ ಕನ್ನಡಕದ ಅಂಗಡಿಯ ಕಡೆ ತಿರುಗಿತು. ಭಾವ ಟೋಪಿ ಮುಟ್ಟಿದರೆ ಮಕ್ಕಳು ದಾಟಿದರು, ಭಾವ ದಿಟ್ಟಿಸಿದರೆ ಒಬ್ಬ ಟ್ಯಾಕ್ಸಿಯವನು ನೇರವಾಗಿ ಅಂಗಡಿಯ ಒಳಗೆ ಬಂದು ಬೈಸಿಕೊಂಡು ಹೋದ. ನಟ್ಟನಡುವೆ ಶಿಳ್ಳೆಯಮ್ಮ ಶಿಳ್ಳೆ ಊದುತ್ತಲೇ ಇದ್ದಳು, ಗಾಡಿಗಳು ಅವಳ ಸುತ್ತ ಬಲು ಶಿಸ್ತಾಗಿ ಹರಿಯುತ್ತಿದ್ದವು. ತನ್ನ ಮಾತು ಕಡೆಗೂ ಕೇಳುತ್ತಿದ್ದಾರೆ ಎಂದು ಪಾಪ ಅವಳು ಸ್ವಲ್ಪ ಹೊತ್ತು ನಂಬಿದ್ದಳು.

ನಿಜ ತಿಳಿದ ಮೇಲೆ ಅಂಗಡಿಗೆ ಬಂದಳು. ಸಿಟ್ಟಿನಲ್ಲಿ ಕೂಗಾಡುತ್ತಾಳೆ ಎಂದುಕೊಂಡೆ, ಇಲ್ಲ. ಕುರ್ಚಿ ಎಳೆದುಕೊಂಡು ಭಾವನ ಎದುರು ಕೂತಳು.

"ಸರ್, ನೀವು ದೊಡ್ಡವರು. ಒಂದು ಮಾತು ಕೇಳ್ತೀನಿ. ನಾಳೆ ಬೇರೆ ಊರಿಂದ ಒಬ್ಬ ಬರ್ತಾನೆ, ಅವನಿಗೆ ನಿಮ್ಮ ಬೆಲ್ಟು ಟೋಪಿ ಏನೂ ಗೊತ್ತಿರಲ್ಲ. ಅವನು ಯಾರನ್ನ ನೋಡಬೇಕು? ನನ್ನನ್ನೋ, ಈ ಕಿಟಕೀನೋ?"

 ಭಾವ ಎದ್ದು ತಮ್ಮ ಕುರ್ಚಿಯನ್ನು ತಾವೇ ಎಡಗೈಯಿಂದ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತರು. ಅಂದಿನಿಂದ ಅವರ ಎದುರಿಗಿದ್ದದ್ದು ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ. ಬೆನ್ನ ಹಿಂದೆ ಚೌಕದ ಸದ್ದು ಕೇಳುತ್ತ, ಯಾವ ಬಸ್ಸು ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಿವಿಯಲ್ಲೇ ಲೆಕ್ಕ ಹಾಕುತ್ತ ಕೂರುತ್ತಿದ್ದರು. ತಿರುಗಿ ಮಾತ್ರ ನೋಡಲಿಲ್ಲ. ಕೆಲವು ವಾರ ಗೊಣಗಾಡಿ ಊರು ಶಿಳ್ಳೆಯಮ್ಮನ ಸನ್ನೆಗಳನ್ನು ಕಲಿತುಕೊಂಡಿತು. ಮುದುಕಿಯ ಕೋಳಿ ಕೂಗದೆಯೂ ಬೆಳಗಾಯಿತು. ಅದು ಭಾವನನ್ನು ಭುಜದ ಉರಿಗಿಂತ ಹೆಚ್ಚು ನೋಯಿಸಿತು ಎಂದು ನನಗೆ ಗೊತ್ತು, ಯಾಕೆಂದರೆ ಆ ದಿನಗಳಲ್ಲಿ ಅವರು ನನ್ನ ಮೇಲೆ ಒಮ್ಮೆಯೂ ರೇಗಲಿಲ್ಲ.

ಮನೆಯಲ್ಲಿ ವ್ಯಾಯಾಮ ನಡೆದೇ ಇತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವವರು ಗೋಡೆಗೆ ಬೆರಳಿಟ್ಟು ಇರುವೆಯ ಹಾಗೆ ಮೇಲಕ್ಕೆ ಹತ್ತಿಸಲು ಹೇಳಿದ್ದರು. ಎಡಗೈ ಬಲಗೈ ಎರಡರಲ್ಲೂ ಕೋಲು ಹಿಡಿದು, ಒಳ್ಳೆಯ ಕೈಯಿಂದ ಸೋತ ಕೈಯನ್ನು ಮೇಲಕ್ಕೆ ತಳ್ಳುವುದು ಇನ್ನೊಂದು. ಭಾವನಿಗೆ ಎರಡೂ ಮಕ್ಕಳಾಟವೆನಿಸಿತು. ಅಕ್ಕ ಯೋಚನೆ ಮಾಡಿ ಒಂದು ಉಪಾಯ ಹೂಡಿದಳು. ಅವರ ಟೋಪಿಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಬೇಕಿದ್ದರೆ ಬಲಗೈಯಲ್ಲೇ ತೆಗೆದುಕೊಳ್ಳಬೇಕು, ತಗೊಂಡ ದಿನ ಮೊಳೆ ಒಂದು ಗೇಣು ಮೇಲಕ್ಕೆ. ಟೋಪಿ ಇಲ್ಲದೆ ಭಾವ ಹೊಸಿಲು ದಾಟುವವರಲ್ಲ.

ಮೊದಮೊದಲು ತುದಿಗಾಲಲ್ಲಿ ನಿಂತು ಮೋಸ ಮಾಡಿದರು. ಆಮೇಲೆ ಸ್ಟೂಲು ಹತ್ತಿದರು. ಅಕ್ಕ ಸ್ಟೂಲನ್ನು ತಂದು ನನ್ನ ಅಂಗಡಿಯಲ್ಲಿ ಇಟ್ಟಳು. ದಿನವೂ ಬೆಳಿಗ್ಗೆ ಗೋಡೆಯ ಮುಂದೆ ಬೆವರು, ಬೈಗುಳ, ನಡುನಡುವೆ ಅಕ್ಕನ ನಗು. ಮೊಳೆ ಹೊಟ್ಟೆಯಿಂದ ಎದೆಗೆ, ಎದೆಯಿಂದ ಭುಜದ ಮಟ್ಟಕ್ಕೆ, ಅಲ್ಲಿಂದ ಮತ್ತೆ ಕೆಳಕ್ಕೆ, ಹೀಗೆ ಹತ್ತಿ ಇಳಿದು ಗೋಡೆಯೆಲ್ಲ ತೂತುಬಿದ್ದಿತು. ಸುಣ್ಣ ಬಳಿಯುವವನು ನೋಡಿ ನಿಮ್ಮ ಮನೆಯಲ್ಲಿ ಗುಂಡು ಹಾರಿತೇ ಎಂದು ಕೇಳಿದನಂತೆ. ರಜೆ ಮುಗಿಯುವ ಹೊತ್ತಿಗೆ ಭಾವನ ಕೈ ಭುಜದ ಎತ್ತರಕ್ಕೆ ಬರುತ್ತಿತ್ತು. ಅಲ್ಲಿ ನಡುಗಿ, ಅಲ್ಲೇ ನಿಂತುಬಿಡುತ್ತಿತ್ತು.

ಪರೀಕ್ಷೆಯನ್ನು ಠಾಣೆಯ ಕೋಣೆಯಲ್ಲಿ ಮಾಡಿದರೆ ಸೋಲುವುದು ಖಚಿತವಾಗಿತ್ತು. ನಾನು ಸುಮ್ಮನಿರುವವಳೇ? ಇನ್‌ಸ್ಪೆಕ್ಟರು ಓದುವ ಕನ್ನಡಕ ಮಾಡಿಸಲು ಬಂದಾಗ, ಪರೀಕ್ಷೆಯನ್ನು ಚೌಕದಲ್ಲೇ ಮಾಡಿ, ಕೈ ಎಷ್ಟು ಎತ್ತರ ಹೋಯಿತು ಅನ್ನುವುದಕ್ಕಿಂತ ಗಾಡಿ ನಿಂತವೋ ಇಲ್ಲವೋ ನೋಡಿ ಎಂದೆ. ಅವರಿಗೆ ಅದು ನ್ಯಾಯವೆನಿಸಿತು. ಸುದ್ದಿಯನ್ನು ಊರಿಗೆ ಹಬ್ಬಿಸಿದ್ದೂ ನಾನೇ. ನನ್ನ ಅಂಗಡಿಗೆ ಬಂದ ಒಬ್ಬೊಬ್ಬ ಡ್ರೈವರಿಗೂ ಕನ್ನಡಕದ ಜೊತೆಗೆ ಆ ದಿನದ ತಾರೀಕನ್ನೂ ಕಟ್ಟಿಕೊಟ್ಟೆ.

ಅಂದು ಬೆಳಿಗ್ಗೆ ಭಾವ ಕಟ್ಟೆ ಹತ್ತಿದರು. ಅಕ್ಕ ಅಂಗಡಿಯಲ್ಲಿ ನನ್ನ ತೋಳನ್ನು ಹಿಂಡುತ್ತ ನಿಂತಿದ್ದಳು. ಇನ್‌ಸ್ಪೆಕ್ಟರು ತಲೆಯಾಡಿಸಿದರು. ಭಾವನ ಬಲಗೈ ತೊಡೆಯಿಂದ ಅಲುಗಿತು, ಬೆಲ್ಟಿನ ಹತ್ತಿರಕ್ಕೂ ಬಂದಿರಲಿಲ್ಲ, ನಾಲ್ಕು ರಸ್ತೆಯ ಗಾಡಿಗಳೂ ಕಿರ್ರೆಂದು ನಿಂತವು. ಕೆಲವರು ಎಂಜಿನ್ನನ್ನೇ ಆರಿಸಿದರು. ಬ್ಯಾಂಕಿನ ಮ್ಯಾನೇಜರ ಕಾರು ಎಲ್ಲರಿಗಿಂತ ಮೊದಲು ನಿಂತಿತ್ತು. ಚೌಕದಲ್ಲಿ ಪಾರಿವಾಳಗಳ ರೆಕ್ಕೆಯ ಸದ್ದು ಕೇಳಿಸುವಷ್ಟು ಮೌನ. ಇನ್‌ಸ್ಪೆಕ್ಟರಿಗೆ ಇದರ ಮರ್ಮ ತಿಳಿಯದೆ ಇರಲಿಲ್ಲ, ಆದರೂ ಅವರ ಮುಖದಲ್ಲಿ ನಗು ಮೂಡಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವರೂ ಕಾಯುತ್ತಿದ್ದರೋ ಏನೋ, ಪಾಸು ಎನ್ನಲು ಬಾಯಿ ತೆರೆದರು.

ಭಾವ ಕಟ್ಟೆಯಿಂದ ಇಳಿದು ಬಂದರು. ಕಣ್ಣು ತುಂಬಿತ್ತು, ಮುಖ ಮಾತ್ರ ಎಂದಿನಂತೆ ಗಂಟಿಕ್ಕಿತ್ತು.

"ಇವರು ನಿಂತದ್ದು ನನ್ನ ಕೈ ನೋಡಿ ಅಲ್ಲ ಸಾರ್, ನನ್ನ ಮುಖ ನೋಡಿ. ಬೇರೆ ಊರಿಂದ ಬರೋನಿಗೆ ನಾನು ಯಾವ ಭಾವ? ನನ್ನ ಪರಿಚಯವೇ ಇಲ್ಲದವನು ನೋಡಿ ನಿಂತರೆ ಅದು ಕೈ. ಅಲ್ಲೀವರೆಗೂ ಕಟ್ಟೆ ಆ ಅಮ್ಮನದ್ದೇ ಇರಲಿ. ನಾನು ಶೆಡ್ಡಿಗೆ ಹೋಗ್ತೀನಿ, ಕೈ ಬಂದ್ರೆ ಇನ್ನೊಂದು ಸಲ ನೋಡಿ."

ಇಷ್ಟು ಹೇಳಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಗಾಡಿಗಳು ನಿಂತೇ ಇದ್ದವು. ಶಿಳ್ಳೆಯಮ್ಮ ಕಟ್ಟೆ ಹತ್ತಿ ಊದಿದ ಮೇಲೂ ಸ್ವಲ್ಪ ಹೊತ್ತು ಯಾರಿಗೂ ಹೊರಡುವ ಮನಸ್ಸಾಗಲಿಲ್ಲ. ನಾನು ಕಷ್ಟಪಟ್ಟು ಹೂಡಿದ ಆಟವನ್ನು ಒಂದೇ ಮಾತಿಗೆ ಕೆಡಿಸಿದರಲ್ಲ ಎಂದು ನನಗೆ ಕೆಂಡದಂಥ ಕೋಪ. ಅಕ್ಕನ ಮುಖ ನೋಡಿದರೆ ಅವಳಲ್ಲಿ ಕೋಪದ ಸುಳಿವೂ ಇಲ್ಲ. ಗಂಡ ಹೋದ ದಾರಿಯನ್ನೇ ನೋಡುತ್ತ, "ಮದುವೆ ದಿನ ಟ್ಯಾಕ್ಸಿ ಕಾಯಿಸಿದ್ದನ್ನ ಇವತ್ತು ಮರೆತೆ ಕಣೇ" ಎಂದಳು.

ಶೆಡ್ಡಿನಲ್ಲಿ ಭಾವ ಸುಮ್ಮನೆ ಕೂರಲಿಲ್ಲ. ಜಪ್ತಿಯಾದ ಸ್ಕೂಟರುಗಳನ್ನು ಸಾಲುಮಾಡಿ, ಸಾಲುಗಳ ನಡುವೆ ದಾರಿ ಬಿಡಿಸಿ, ಒಂದು ಚೌಕವನ್ನೂ ಮಾಡಿದರು. ತಮ್ಮ ಗಾಡಿ ಬಿಡಿಸಿಕೊಳ್ಳಲು ಬಂದವರು ಸರದಿ ತಪ್ಪಿದರೆ ಬೆನ್ನ ಹಿಂದೆ ಕೈ ಕಟ್ಟಿ ದಿಟ್ಟಿಸುತ್ತಿದ್ದರು. ಊಟಕ್ಕೆ ಮಾತ್ರ ನನ್ನ ಅಂಗಡಿಗೇ ಬರುತ್ತಿದ್ದರು. ಗೋಡೆ, ಮೊಳೆ, ಟೋಪಿ ಯಾವುದೂ ನಿಲ್ಲಲಿಲ್ಲ. ಮಳೆ ಹೋಗಿ ಚಳಿ ಬಂತು, ಚಳಿ ಹೋಗಿ ಬಿಸಿಲು ಬಂತು. ನಾವು ಕೈಯ ವಿಷಯ ಕೇಳುವುದನ್ನೇ ಬಿಟ್ಟಿದ್ದೆವು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಜನ ಹೆಚ್ಚಿದ್ದರು. ಒಬ್ಬ ಹಿರಿಯರು ಹಳೆ ಕಾಲದ ದಪ್ಪ ಚೌಕಟ್ಟು ಬೇಕು ಎಂದರು. ಅದು ಇದ್ದದ್ದು ಕಪಾಟಿನ ಮೇಲಿನ ಹಲಗೆಯಲ್ಲಿ. ನಾನು ಇನ್ನೊಬ್ಬರ ಮೂಗಿಗೆ ಕನ್ನಡಕ ಹೊಂದಿಸುತ್ತ, ಅಕ್ಕ ತಂದಿಟ್ಟಿದ್ದ ಆ ಸ್ಟೂಲು ಎಲ್ಲಿ ಎಂದು ಹುಡುಕುತ್ತಿದ್ದೆ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ಭಾವ ಎದ್ದು ಬಂದು, ಮೇಲಿನ ಹಲಗೆಯಿಂದ ಡಬ್ಬವನ್ನು ತೆಗೆದು ಆ ಹಿರಿಯರ ಮುಂದೆ ಇಟ್ಟರು. ಇಟ್ಟ ಮೇಲೆ ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ಹಲಗೆಯನ್ನು ನೋಡಿದರು. ಮತ್ತೆ ಕೈಯನ್ನು ನಿಧಾನವಾಗಿ ಮೇಲಕ್ಕೆತ್ತಿದರು. ನಡುಗಿತು, ಕಿವಿ ದಾಟಿತು, ತಲೆ ದಾಟಿ ನಿಂತಿತು. ನನ್ನ ಕೈಯಲ್ಲಿದ್ದ ಕನ್ನಡಕ ಗಿರಾಕಿಯ ಕಿವಿಗೆ ಬದಲು ಕೆನ್ನೆಗೆ ಚುಚ್ಚಿತು.

"ಭಾವ, ಇಳಿಸಿ" ಎಂದೆ. "ಅಂಗಡೀಲಿ ಎಲ್ಲರೂ ನಿಂತುಬಿಟ್ಟಿದಾರೆ."

ಈ ಸಲ ಪರೀಕ್ಷೆ ಠಾಣೆಯ ಕೋಣೆಯಲ್ಲೇ ನಡೆಯಿತು, ಯಾರ ಸಹಾಯವೂ ಇಲ್ಲದೆ. ಡಾಕ್ಟರಮ್ಮ ಹೇಳಿದ ಹಾಗೆ ಪೂರ್ತಿ ಬಲ ಬಂದಿರಲಿಲ್ಲ, ಇನ್ನೂ ಬಂದಿಲ್ಲ. ಸಂಜೆಯಾದರೆ ತೋಳು ಸೋಲುತ್ತದೆ. ಹಾಗಾಗಿ ಬೆಳಗಿನ ಹೊತ್ತು ಭಾವ, ಮಧ್ಯಾಹ್ನದ ಮೇಲೆ ಶಿಳ್ಳೆಯಮ್ಮ ಎಂದು ನಿಗದಿಯಾಯಿತು. ಭಾವ ಪುಸ್ತಕದ ಸನ್ನೆಗಳನ್ನು ಅವಳಿಂದ ಹೇಳಿಸಿಕೊಂಡು ಕಲಿತರು. ಟೋಪಿ ಮುಟ್ಟುವುದನ್ನು ಮಾತ್ರ ಬಿಡಲಿಲ್ಲ, ಮಕ್ಕಳು ಒಪ್ಪಲಿಲ್ಲವಂತೆ.

ಮೊದಲ ದಿನ ಕಟ್ಟೆ ಹತ್ತಿದ ಅವರನ್ನು ನೋಡಿ ಊರು ಮತ್ತೆ ಹಳೆಯ ಚಾಳಿಗೆ ಬಿತ್ತು. ಕೈ ಅಲುಗುವ ಮೊದಲೇ ನಿಲ್ಲುವುದು, ಕಿಟಕಿಯಿಂದ ತಲೆ ಹಾಕಿ ಭಾವಾ ಎಂದು ಕೂಗುವುದು. ಭಾವನ ಮುಖ ಬಾಡುತ್ತ ಬಂತು. ಇಷ್ಟರಲ್ಲಿ ಬಸ್ಸುಗಳು ಬರುವ ರಸ್ತೆಯಿಂದ ಒಂದು ದೊಡ್ಡ ಲಾರಿ ಬಂತು, ಮೇಲೆ ಬೆತ್ತದ ಕುರ್ಚಿಗಳ ರಾಶಿ. ನಮ್ಮೂರಿನದಲ್ಲ. ಮುಂದೆ ಯಾವ ಗಾಡಿಯೂ ಇರಲಿಲ್ಲ, ರಸ್ತೆ ಖಾಲಿ, ಲಾರಿ ಭರದಿಂದ ಬರುತ್ತಿತ್ತು. ಭಾವ ಅದರ ಕಡೆ ತಿರುಗಿದರು. ಬಲಗೈ ತೊಡೆಯಿಂದ ಎದ್ದು, ಭುಜ ದಾಟಿ, ಟೋಪಿ ದಾಟಿ, ನೆಟ್ಟಗೆ ನಿಂತಿತು. ಅಂಗೈ ಮುಂದಕ್ಕೆ.

ಲಾರಿ ನಿಂತಿತು. ಕುರ್ಚಿಗಳು ಒಂದಕ್ಕೊಂದು ತಾಗಿ ಕಿರುಗುಟ್ಟಿದವು. ಅಡ್ಡರಸ್ತೆಯವರೆಲ್ಲ ಹೋಗಿ ಮುಗಿದರು, ಭಾವನ ಕೈ ಮೇಲೇ ಇತ್ತು. ನಾನು ಬಾಗಿಲಿಗೆ ಬಂದು ನೋಡುತ್ತಿದ್ದೆ. ಇನ್ನೂ ಇಳಿಯಲಿಲ್ಲ. ಲಾರಿಯವನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದ.

"ಏನಯ್ಯಾ ಪೊಲೀಸಪ್ಪ, ಕೈ ಅಲ್ಲೇ ಅಂಟಿಕೊಂಡಿದೆಯಾ? ಇಳಿಸು, ನಾನು ಊರು ಸೇರಬೇಕು."

ಸುತ್ತಲಿದ್ದ ಟ್ಯಾಕ್ಸಿಯವರು ಅವನನ್ನು ಹೊಡೆಯುವ ಹಾಗೆ ನೋಡಿದರು. ಭಾವ ಕೈ ಇಳಿಸಿ ದಾರಿ ಬಿಟ್ಟರು. ಮಧ್ಯಾಹ್ನ ನಾನು ಕೂಗುವ ಮೊದಲೇ ಅಂಗಡಿಗೆ ಬಂದರು. ಅವರ ನಗು ಮೊದಲಿನಿಂದಲೂ ಸೊಟ್ಟಗೇ ಇತ್ತು ಎಂದು ನನಗೆ ಅಂದು ಖಾತ್ರಿಯಾಯಿತು.

"ಕೇಳಿದ್ಯೇನಮ್ಮ? ನಾನು ಯಾರು ಅಂತಲೇ ಗೊತ್ತಿಲ್ಲ ಅವನಿಗೆ. ಬಾಯಿಗೆ ಬಂದ ಹಾಗೆ ಬೈದ" ಎಂದರು. "ಆದರೆ ನಿಂತ."

ಆಮೇಲೆ ಡಬ್ಬಿಯ ಮುಚ್ಚಳವನ್ನು ಬಲಗೈಯಿಂದಲೇ ತೆಗೆದು ಊಟಕ್ಕೆ ಕೂತರು.